ಯಂತ್ರ ತಂದ ಮೇಲೆ ಅದನ್ನು ಹತ್ತುತ್ತೀರಾ?

ಮಳೆ ಶುರುವಾದರೆ ಸಾಕು, ಈ ಅಂಕಣಕ್ಕೆ ಒಂದೇ ಥರದ ಪತ್ರಗಳು ಬರುತ್ತವೆ. ಪಾರ್ಕಿಗೆ ಹೋಗಲು ಆಗುತ್ತಿಲ್ಲ, ಮನೆಗೇ ವ್ಯಾಯಾಮದ ಯಂತ್ರ ಏನಾದರೂ ತರೋಣ ಅಂತಿದ್ದೇವೆ, ಯಾವುದು ತಗೊಳ್ಳೋದು? ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್, 43 ವರ್ಷ. ತೂಕ ಹೆಚ್ಚಾಗಿದೆ, ಬಿಪಿ ಈಗಷ್ಟೇ ಶುರುವಾಗಿದೆ. ದಿನಾ ಅರ್ಧ ಗಂಟೆ ನಡೆಯಿರಿ ಅಂದಿದ್ದಾರೆ ಡಾಕ್ಟರು. ನಮ್ಮ ಯಜಮಾನರು 4 ಎಚ್‌ಪಿ ಟ್ರೆಡ್‌ಮಿಲ್ ನೋಡಿಕೊಂಡು ಬಂದಿದ್ದಾರೆ, 45 ಸಾವಿರ. ನನ್ನ ತಮ್ಮ ನಿಂತುಕೊಂಡೇ ಪೆಡಲ್ ತುಳಿಯುವ ಎಲಿಪ್ಟಿಕಲ್ ತಗೋ, ಮಂಡಿಗೆ ಒಳ್ಳೇದು ಅಂತಾನೆ. ಅಂಗಡಿಯವರು ಯಾವುದರಲ್ಲಿ ಎಷ್ಟು ಕ್ಯಾಲೊರಿ ಹೋಗುತ್ತೆ ಅಂತ ಒಂದು ಚಾರ್ಟ್ ಕೊಟ್ಟರು. ಮೇಡಂ, ಯಾವುದು ಒಳ್ಳೆಯದು? (ಹುಬ್ಬಳ್ಳಿ)

ಆ ಚಾರ್ಟನ್ನು ಮೊದಲು ಪಕ್ಕಕ್ಕಿಡಿ. ನೀವು ನಡೆಯುತ್ತಿದ್ದೀರೋ, ಪೆಡಲ್ ತುಳಿಯುತ್ತಿದ್ದೀರೋ ಅನ್ನುವುದು ಹೃದಯಕ್ಕೆ ಬಹಳ ಮುಖ್ಯವಲ್ಲ. ಉಸಿರು ಸ್ವಲ್ಪ ಏರಬೇಕು, ಮೈ ಬೆಚ್ಚಗಾಗಬೇಕು, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು. ಅಷ್ಟು ಬಂದರೆ ಅದು ಲೆಕ್ಕಕ್ಕೆ ಸೇರಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಚಟುವಟಿಕೆ ಬೇಕು. ಯಾವ ಯಂತ್ರದ ಮೇಲೆ ಅಂತ ಅವರು ಹೇಳಿಲ್ಲ.

ಹಾಗಾಗಿ ನಾನು ನಿಮ್ಮನ್ನು ಬೇರೆಯೇ ಕೇಳುತ್ತೇನೆ. ಪರೀಕ್ಷೆ ಪೇಪರ್ ತಿದ್ದಿ ತಲೆ ಬಿಸಿಯಾಗಿ ಸಂಜೆ ಐದೂವರೆಗೆ ಮನೆಗೆ ಬಂದ ದಿನ, ಸೀರೆ ಬದಲಾಯಿಸಿ, ಶೂ ಹಾಕಿಕೊಂಡು ಇವುಗಳಲ್ಲಿ ಯಾವುದರ ಮೇಲೆ ಹತ್ತುತ್ತೀರಿ? ಉತ್ಸಾಹ ಇರುವ ಭಾನುವಾರದ ಬೆಳಗ್ಗೆಯನ್ನು ನೆನೆಸಿಕೊಂಡು ಯಂತ್ರ ಕೊಳ್ಳುವವರೇ ಜಾಸ್ತಿ. ನೀವು ಆ ಸುಸ್ತಾದ ಬುಧವಾರವನ್ನು ಮನಸ್ಸಲ್ಲಿಟ್ಟುಕೊಂಡು ಕೊಳ್ಳಿ.

1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ನನಗೆ ಇವತ್ತಿಗೂ ಬಹಳ ಉಪಯೋಗಕ್ಕೆ ಬರುತ್ತದೆ. ತೂಕ ಹೆಚ್ಚಿದ್ದ 148 ಹೆಂಗಸರು, ಒಂದೂವರೆ ವರ್ಷ. ಒಂದು ಗುಂಪಿಗೆ ದಿನಕ್ಕೆ ಒಂದೇ ಸಲ ಉದ್ದದ ವ್ಯಾಯಾಮ. ಇನ್ನೊಂದು ಗುಂಪಿಗೆ ಹತ್ತತ್ತು ನಿಮಿಷದ ತುಂಡುಗಳು. ಮೂರನೇ ಗುಂಪಿಗೆ ಅದೇ ಹತ್ತು ನಿಮಿಷದ ತುಂಡುಗಳು, ಜೊತೆಗೆ ಮನೆಗೆ ಒಂದು ಟ್ರೆಡ್‌ಮಿಲ್. ತಿಂಗಳುಗಳು ಕಳೆದಂತೆ ಉಳಿದವರ ವ್ಯಾಯಾಮ ಇಳಿಯುತ್ತಾ ಬಂತು, ಮೂರನೇ ಗುಂಪಿನವರು ಅವರಿಗಿಂತ ಹೆಚ್ಚು ಉಳಿಸಿಕೊಂಡರು. ಮನೆಯಲ್ಲೇ ಯಂತ್ರ ಇದ್ದು, ಹತ್ತು ನಿಮಿಷ ಸಾಕು ಅಂತ ಮೊದಲೇ ಒಪ್ಪಿಕೊಂಡಿದ್ದರಿಂದ ಅದು ನಡೆದಿರಬೇಕು. ಸ್ಕೂಲಿಗೆ ಹೊರಡುವ ಮೊದಲು ಹತ್ತು, ಬಂದ ಮೇಲೆ ಹತ್ತು, ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನಿಧಾನಕ್ಕೆ ಹತ್ತು. ಡಾಕ್ಟರು ಹೇಳಿದ ಅರ್ಧ ಗಂಟೆ ಆಯಿತು ಅಲ್ವಾ?

ಈ ಲೆಕ್ಕಕ್ಕೆ ಹೊಂದುವ ಯಂತ್ರ ಯಾವುದು ಅಂದರೆ, ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಸಿಗುವಂಥದ್ದು. ಮಡಚಿ ಮಂಚದ ಕೆಳಗೆ ತಳ್ಳುವ ಯಂತ್ರ ಜಾಗ ಉಳಿಸುತ್ತದೆ ನಿಜ, ಆದರೆ ಹತ್ತು ನಿಮಿಷದ ವ್ಯಾಯಾಮಕ್ಕೆ ಐದು ನಿಮಿಷ ಎಳೆದು ಬಿಡಿಸಿ ಜೋಡಿಸಬೇಕು ಅಂದರೆ ಎರಡನೇ ವಾರಕ್ಕೆ ಅದು ಮಂಚದ ಕೆಳಗೇ ಉಳಿಯುತ್ತದೆ. ಮನೆಯಲ್ಲಿ ಯಾವಾಗಲೂ ಬಿಡಿಸಿಯೇ ಇಡಬಹುದಾದ ಜಾಗ ಎಲ್ಲಿದೆ ಅಂತ ಮೊದಲು ಟೇಪ್ ಹಿಡಿದು ಅಳೆಯಿರಿ. ಟ್ರೆಡ್‌ಮಿಲ್ಲಿನ ಹಿಂದೆ ಬಿದ್ದರೆ ಗೋಡೆಗೆ ಸಿಕ್ಕಿಕೊಳ್ಳದಷ್ಟು, ಎರಡು ಮೀಟರ್‌ನಷ್ಟಾದರೂ ಖಾಲಿ ಬಿಡಬೇಕು. ಆ ಜಾಗಕ್ಕೆ ಏನು ಹಿಡಿಸುತ್ತದೋ ಅದರಲ್ಲಿ ಆರಿಸಿ.

ನಿಮಗೆ ನಡೆಯುವುದು ಇಷ್ಟ ಅಂತಾದರೆ ಟ್ರೆಡ್‌ಮಿಲ್ ಸರಿ. ಆದರೆ ನಡೆಯಲು 4 ಎಚ್‌ಪಿ ಬೇಕಿಲ್ಲ. ಅಂಗಡಿ ಬೋರ್ಡಿನಲ್ಲಿ ಇರುವುದು ಸಾಮಾನ್ಯವಾಗಿ ಪೀಕ್ ಎಚ್‌ಪಿ, ಅಂದರೆ ಮೋಟರ್ ಒಂದು ಕ್ಷಣ ಕೊಡಬಲ್ಲ ಗರಿಷ್ಠ. ಸತತವಾಗಿ ಎಷ್ಟು ಕೊಡುತ್ತದೆ ಅಂತ ಕೇಳಿ. ನಡೆಯುವವರಿಗೆ ಸತತ ಒಂದೂವರೆ ಎಚ್‌ಪಿ ಇದ್ದರೂ ನಡೆಯುತ್ತದೆ. ಅದಕ್ಕಿಂತ ಬೆಲ್ಟಿನ ಅಳತೆ ನೋಡಿ. ನಡೆಯಲು ಅಗಲ 42 ಸೆಂಟಿಮೀಟರ್, ಉದ್ದ 120 ಸೆಂಟಿಮೀಟರ್ ಸಾಕು. ಮನೆಯಲ್ಲಿ ಯಾರಾದರೂ ಓಡುತ್ತಾರೆ ಅಂದರೆ 50ಕ್ಕೆ 140 ಬೇಕು. ಮತ್ತೆ, ಯಂತ್ರ ಹೊರಬಲ್ಲ ತೂಕ ಅಂತ ಬರೆದಿರುತ್ತಾರಲ್ಲ, ಅದು ನಿಮ್ಮ ತೂಕಕ್ಕಿಂತ 20 ಕೆ.ಜಿ.ಯಾದರೂ ಜಾಸ್ತಿ ಇರಲಿ.

ತಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಎಲಿಪ್ಟಿಕಲ್‌ನಲ್ಲಿ ಪಾದ ಪೆಡಲ್ ಬಿಟ್ಟು ಏಳುವುದಿಲ್ಲ, ಮಂಡಿಗೆ ಬಡಿತ ಕಡಿಮೆ. ಆದರೆ ಕಡಿಮೆ ಬೆಲೆಯ ಎಲಿಪ್ಟಿಕಲ್‌ಗಳಲ್ಲಿ ಹೆಜ್ಜೆಯ ಅಳತೆ ತುಂಬಾ ಚಿಕ್ಕದು. ಎತ್ತರದವರಿಗೆ ಅದು ನಡೆದ ಹಾಗಲ್ಲ, ಕುಕ್ಕಿದ ಹಾಗಾಗುತ್ತದೆ. ಹೊಸದರಲ್ಲಿ ಐದು ನಿಮಿಷಕ್ಕೇ ತೊಡೆ ಸೋಲುತ್ತದೆ. ಅಂಗಡಿಗೆ ಶೂ ಹಾಕಿಕೊಂಡು ಹೋಗಿ, ಎರಡರ ಮೇಲೂ ಹದಿನೈದು ನಿಮಿಷ ಇರಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಬೇರೆ ಅಂಗಡಿಗೆ ಹೋಗಿ.

ದುಡ್ಡು ಕೊಡುವ ಮೊದಲು ಇನ್ನೊಂದು ಕೆಲಸ. ಒಂದು ತಿಂಗಳು, ನೀವು ಯಂತ್ರಕ್ಕೆ ಅಂತ ಇಟ್ಟುಕೊಂಡ ಅದೇ ಹೊತ್ತಿನಲ್ಲಿ, ಆ ಹತ್ತು ಹತ್ತು ನಿಮಿಷ ಟೆರೇಸಿನಲ್ಲೋ ಬೀದಿಯಲ್ಲೋ ಹಾಲಿನಲ್ಲೋ ನಡೆಯಿರಿ. ಆ ಹೊತ್ತು ನಿಮ್ಮದಾಯಿತೋ ಇಲ್ಲವೋ ಗೊತ್ತಾಗುತ್ತದೆ. ಹೊತ್ತೇ ಸಿಗದಿದ್ದರೆ ಯಂತ್ರ ಬಂದರೂ ಸಿಗುವುದಿಲ್ಲ. ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆಗೆ ಟ್ರೆಡ್‌ಮಿಲ್, ಸೈಕಲ್ ಕೊಡುವವರೂ ಇದ್ದಾರೆ. ನಿಮ್ಮಲ್ಲಿ ಸಿಕ್ಕರೆ ಎರಡು ತಿಂಗಳ ಬಾಡಿಗೆ ಕೊಟ್ಟು ನೋಡುವುದು 45 ಸಾವಿರ ಹಾಕುವುದಕ್ಕಿಂತ ಎಷ್ಟೋ ವಾಸಿ.

ಪ್ರಶ್ನೆ: ಮೂರನೇ ಮಹಡಿಯ ಫ್ಲ್ಯಾಟ್. ಆಫೀಸ್ ಕಾಲ್ ಮುಗಿಯುವಾಗ ರಾತ್ರಿ ಹತ್ತಾಗುತ್ತದೆ. ಸ್ಕಿಪ್ಪಿಂಗ್ ಶುರುಮಾಡಿದೆ, ಕೆಳಗಿನ ಮನೆಯ ಆಂಟಿ ಬಂದು ಜಗಳ ಆಡಿದರು. ದಪ್ಪ ಮ್ಯಾಟ್ ಹಾಕಿದರೂ ಕೇಳಿಸುತ್ತಂತೆ. ಸದ್ದಾಗದ ಯಂತ್ರ ಯಾವುದು? ವಯಸ್ಸು 29. (ಬೆಂಗಳೂರು)

ಅವರ ಮನೆಗೆ ಕೇಳಿಸುತ್ತಿರುವುದು ಗಾಳಿಯಲ್ಲಿ ಹೋಗುವ ಶಬ್ದಕ್ಕಿಂತ ಹೆಚ್ಚಾಗಿ ಸ್ಲ್ಯಾಬಿನ ನಡುಕ. ನೀವು ನೆಲಕ್ಕೆ ಬಿದ್ದಾಗಲೆಲ್ಲ ಅವರ ಸೀಲಿಂಗ್ ಗುದ್ದಿದ ಹಾಗಾಗುತ್ತದೆ. ಯೋಗ ಮ್ಯಾಟ್ ಅದನ್ನು ತಡೆಯುವುದಿಲ್ಲ, ದಪ್ಪ ರಬ್ಬರ್ ಮ್ಯಾಟ್ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ಟ್ರೆಡ್‌ಮಿಲ್ ಮೇಲೆ ಓಡಿದರೂ ಇದೇ ಕಥೆ. ಹಾಗಾಗಿ ರಾತ್ರಿ ಹತ್ತರ ಮೇಲೆ ಪಾದ ನೆಲಕ್ಕೆ ಬಡಿಯುವ ಯಾವುದೂ ನಿಮಗೆ ಬೇಡ. ಅವರಿಗೂ ನಿದ್ದೆ ಬೇಕು.

ಸೈಕಲ್ ತಗೊಳ್ಳಿ. ಆದರೆ ಸೈಕಲ್‌ಗಳಲ್ಲೂ ವ್ಯತ್ಯಾಸ ಇದೆ, ಆನ್‌ಲೈನ್ ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ. ಏರ್ ಬೈಕ್ ಅಂತ ಮಾರುವ, ಕೈಯನ್ನೂ ಆಡಿಸುವ ಸೈಕಲ್‌ನಲ್ಲಿ ಮುಂದಿನ ಚಕ್ರವೇ ಫ್ಯಾನ್, ಜೋರಾಗಿ ತುಳಿದಷ್ಟೂ ಗಾಳಿಯ ಸದ್ದು. ಭಾರದ ಚಕ್ರವಿರುವ ಸ್ಪಿನ್ ಬೈಕ್‌ಗಳಲ್ಲಿ ಕೆಲವಕ್ಕೆ ಫೆಲ್ಟ್ ಪ್ಯಾಡ್, ಅಂದರೆ ಒತ್ತಿದ ಉಣ್ಣೆಯಂಥ ದಪ್ಪ ತುಂಡು, ಚಕ್ರವನ್ನು ಒತ್ತುತ್ತದೆ, ಸವೆಯುತ್ತಾ ಹೋದಂತೆ ಕೆರೆಯುವ ಶಬ್ದ ಬರುತ್ತದೆ, ಪ್ಯಾಡ್ ಬದಲಾಯಿಸಬೇಕಾಗುತ್ತದೆ. ಮ್ಯಾಗ್ನೆಟಿಕ್ ಅಂತ ಬರೆದಿದ್ದರೆ ಅಯಸ್ಕಾಂತ ಚಕ್ರಕ್ಕೆ ತಾಗದೆಯೇ ಅದನ್ನು ಹಿಡಿದೆಳೆಯುತ್ತದೆ. ಅದು ಬಹುತೇಕ ನಿಶ್ಶಬ್ದ, ಸವೆಯುವುದೂ ಇಲ್ಲ. ಎರಡು ಮೂರು ಸಾವಿರ ಜಾಸ್ತಿಯಾದರೂ ನಿಮ್ಮ ಮನೆಗೆ ಅದೇ. ಚೈನ್ ಬದಲು ಬೆಲ್ಟ್ ಇರುವುದನ್ನು ನೋಡಿ. ರೂಮಿನ ನಡುವೆ ಇಡಬೇಡಿ, ಗೋಡೆ ಅಥವಾ ಕಂಬದ ಪಕ್ಕದ ಮೂಲೆಯಲ್ಲಿಡಿ. ಅಲ್ಲಿ ಸ್ಲ್ಯಾಬ್ ಬಿಗಿಯಾಗಿರುತ್ತದೆ, ನಡುಕ ಕಡಿಮೆ.

ಇನ್ನೊಂದು ಮಾತು. ಮಲಗುವ ಮುನ್ನದ ಒಂದು ಗಂಟೆಯೊಳಗೆ ಏದುಸಿರು ಬರುವ ಹಾಗೆ ತುಳಿದರೆ ಹಲವರಿಗೆ ನಿದ್ದೆ ಬೇಗ ಹತ್ತುವುದಿಲ್ಲ. ನಿಮ್ಮ ಕಾಲ್‌ಗಳಲ್ಲಿ ಸುಮ್ನೆ ಕೇಳಿಸಿಕೊಳ್ಳುವ ಕಾಲ್ ದಿನಕ್ಕೊಂದಾದರೂ ಇರುತ್ತದೆ ಅಲ್ವಾ? ಅದನ್ನು ಸೈಕಲ್ ಮೇಲೆ ಕೂತು ಕೇಳಿ. ಕಾಲ್ ಶುರುವಾದರೆ ಹತ್ತುವುದು, ಮುಗಿದರೆ ಇಳಿಯುವುದು. ಬೇರೆ ಹೊತ್ತು ಹುಡುಕುವ ಕೆಲಸವೇ ಇಲ್ಲ.

ಪ್ರಶ್ನೆ: ಅಪ್ಪನಿಗೆ 71. ಶುಗರ್ ಇದೆ, ಮಂಡಿ ನೋವಿದೆ. ದಿನಾ ತೋಟಕ್ಕೆ ಹೋಗಿ ಬರುತ್ತಿದ್ದರು. ಜೂನ್ ಬಂತೆಂದರೆ ಮೂರು ತಿಂಗಳು ಮನೆಯಲ್ಲೇ. ಶುಗರ್ ಏರುತ್ತದೆ. ನಾನು ಬೆಂಗಳೂರಿನಲ್ಲಿದ್ದೇನೆ, ಆನ್‌ಲೈನ್‌ನಲ್ಲಿ ವಾಕಿಂಗ್ ಪ್ಯಾಡ್ ಅನ್ನುವ ಪುಟ್ಟ ಟ್ರೆಡ್‌ಮಿಲ್ ನೋಡಿದೆ, ಚಪ್ಪಟೆಯಾಗಿದೆ, ಕಳಿಸಿಬಿಡಲಾ? (ತೀರ್ಥಹಳ್ಳಿ ಕಡೆಯವರು)

ಕಳಿಸಬೇಡಿ. ವಾಕಿಂಗ್ ಪ್ಯಾಡ್‌ಗೆ ಬಹಳಷ್ಟು ಸಲ ಹಿಡಿದುಕೊಳ್ಳಲು ಕಂಬಿ ಇರುವುದಿಲ್ಲ. ಅದು ಆಫೀಸ್ ಟೇಬಲ್ ಕೆಳಗೆ ಇಟ್ಟುಕೊಂಡು ನಡೆಯುವವರಿಗಾಗಿ ಮಾಡಿದ್ದು. ಶುಗರ್ ಇರುವ 71ರ ಹಿರಿಯರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ಕೆಳಗೆ ನೆಲವೇ ಹಿಂದಕ್ಕೆ ಓಡುವಾಗ ಒಂದು ಹೆಜ್ಜೆ ತಪ್ಪಿದರೆ ಸೊಂಟದ ಮೂಳೆಗೆ ಪೆಟ್ಟು. ಅಲ್ಲದೆ ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ. ನಡೆಯುತ್ತಿರುವಾಗ ಬೆಲ್ಟ್ ತಟ್ಟನೆ ನಿಂತರೆ ಹಿಡಿದುಕೊಳ್ಳಲು ಏನೂ ಇಲ್ಲ.

ನಿಮ್ಮ ಮನೆಯಲ್ಲಿ ಜಗುಲಿ ಇದೆಯಾ? ಮಲೆನಾಡಿನ ಹಳೇ ಮನೆಗಳಲ್ಲಿ ಉದ್ದನೆಯ ಜಗುಲಿ ಇದ್ದೇ ಇರುತ್ತದೆ. ಅಲ್ಲಿಂದಲೇ ಶುರುಮಾಡಿ. ಸಾಮಾನು ಸರಿಸಿ ಗೋಡೆ ಪಕ್ಕ ದಾರಿ ಬಿಡಿಸಿ. ಒದ್ದೆ ಕಾಲು, ಗೋಣಿಚೀಲ, ಜಾರುವ ಚಾಪೆ ಯಾವುದೂ ದಾರಿಯಲ್ಲಿ ಇರಬಾರದು. ಮೂರು ಹೊತ್ತು ಊಟ, ತಿಂಡಿ ಆದ ಮೇಲೆ ಹದಿನೈದು ನಿಮಿಷ ಅತ್ತಿಂದಿತ್ತ ನಡೆಯಲಿ. 60 ದಾಟಿದವರ ಮೇಲೆ ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ, 2013ರಲ್ಲಿ ಪ್ರಕಟವಾಗಿದೆ. ಚಿಕ್ಕ ಅಧ್ಯಯನ, ಆದರೆ ರಾತ್ರಿ ಊಟದ ನಂತರದ ಶುಗರ್ ಇಳಿಸುವುದರಲ್ಲಿ ಈ ಮೂರು ಪುಟ್ಟ ನಡಿಗೆಗಳು ಬೆಳಗ್ಗೆ ಒಂದೇ ಸಲ ನಡೆಯುವುದಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು. ಊಟದ ಮೇಲೆ ದುಡಿಯುವ ಮಾಂಸಖಂಡ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಅದೇ ಕಾರಣ.

ಯಂತ್ರವನ್ನೇ ಕೊಡಿಸಬೇಕು ಅನ್ನಿಸಿದರೆ ರಿಕಂಬೆಂಟ್ ಸೈಕಲ್ ನೋಡಿ. ಕುರ್ಚಿಯ ಹಾಗೆ ಬೆನ್ನಿಗೆ ಆನಿಸಿ ಕೂರುವುದು, ಪೆಡಲ್ ಮುಂದೆ ಇರುತ್ತದೆ. ಹತ್ತಿ ಇಳಿಯಲು ಕಾಲು ಎತ್ತಿ ದಾಟಿಸಬೇಕಿಲ್ಲ, ಬೀಳುವ ಭಯ ಕಡಿಮೆ, ಮಂಡಿಯ ಮೇಲೆ ಮೈಭಾರ ಬೀಳುವುದಿಲ್ಲ, ಕರೆಂಟಿನ ಹಂಗೂ ಇಲ್ಲ. ಬೆಲೆ ಸ್ವಲ್ಪ ಜಾಸ್ತಿ, ಜಾಗವೂ ಬೇಕು, ಹಳ್ಳಿ ಮನೆಯಲ್ಲಿ ಜಾಗಕ್ಕೆ ಕೊರತೆ ಇರಲಿಕ್ಕಿಲ್ಲ. ಎರಡು ಮೂರು ಸಾವಿರಕ್ಕೆ ಸಿಗುವ, ನೆಲದ ಮೇಲಿಟ್ಟು ಕುರ್ಚಿಯಲ್ಲಿ ಕೂತು ತುಳಿಯುವ ಪುಟ್ಟ ಪೆಡಲ್ ಯಂತ್ರವೂ ನಡೆಯುತ್ತದೆ. ಆದರೆ ಅದು ಮುಂದಕ್ಕೆ ಜಾರುತ್ತದೆ. ಗೋಡೆಗೆ ಒತ್ತಿ ಇಟ್ಟು, ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಗಟ್ಟಿ ಮರದ ಕುರ್ಚಿ ಕೊಡಿ. ಪ್ಲಾಸ್ಟಿಕ್ ಕುರ್ಚಿ ಬೇಡ.

ಅಪ್ಪ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವ್ಯಾಯಾಮ ಹೆಚ್ಚಾದಾಗ ಶುಗರ್ ತೀರಾ ಇಳಿಯಬಹುದು. ಶುರುಮಾಡುವ ಮುನ್ನ ಅವರ ಡಾಕ್ಟರಿಗೆ ಹೇಳಿ. ಕೈಗೆ ಸಿಗುವಲ್ಲಿ ಸಕ್ಕರೆ ಇರಲಿ. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಮಾಡಬೇಕು, ಜಗುಲಿಯ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು ಅದಕ್ಕೆ ಒಳ್ಳೆಯ ಆರಂಭ. ಸಂಜೆ ನೀವು ಫೋನ್ ಮಾಡುವ ಹೊತ್ತನ್ನು ಅವರ ನಡಿಗೆಯ ಹೊತ್ತಿಗೆ ಹೊಂದಿಸಿಕೊಳ್ಳಿ. ಮಗ ಅಥವಾ ಮಗಳ ಜೊತೆ ಮಾತಾಡುತ್ತಾ ನಡೆಯುವುದಾದರೆ ಯಾವ ಅಪ್ಪನೂ ಬೇಡ ಅನ್ನುವುದಿಲ್ಲ.

ಪ್ರಶ್ನೆ: ಎರಡು ವರ್ಷದ ಹಿಂದೆ ವ್ಯಾಯಾಮದ ಸೈಕಲ್ ತಂದೆವು. ಕೂತರೆ ಸೀಟು ಒತ್ತುತ್ತದೆ, ಹತ್ತು ನಿಮಿಷಕ್ಕೆ ಮಂಡಿಯ ಮುಂಭಾಗ ನೋವು. ಈಗ ಹಿಂದಿನ ರೂಮಿನಲ್ಲಿದೆ. ಮಾರಿ ಟ್ರೆಡ್‌ಮಿಲ್ ತಗೊಳ್ಳಲಾ? (ಮೈಸೂರು)

ಮಾರುವ ಮುನ್ನ ಒಂದು ಸ್ಪ್ಯಾನರ್ ತಗೊಳ್ಳಿ. ಮಂಡಿಯ ಮುಂಭಾಗ ನೋವು ಅಂದರೆ ಹೆಚ್ಚಿನ ಸಲ ಸೀಟು ತಗ್ಗಿದೆ ಅಂತ ಅರ್ಥ. ಡೆಲಿವರಿಗೆ ಬಂದವರು ಜೋಡಿಸಿ ಹೋದ ಎತ್ತರದಲ್ಲೇ ವರ್ಷಗಟ್ಟಲೆ ತುಳಿಯುವವರು ತುಂಬಾ ಜನ. ಸೀಟಿನ ಮೇಲೆ ಕೂತು, ಪೆಡಲ್ ಅತಿ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೇರವಾಗಬೇಕು. ಆಮೇಲೆ ಮಾಮೂಲಿನಂತೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ಸ್ವಲ್ಪ ಮಾತ್ರ ಬಾಗಿರುತ್ತದೆ. ಅದೇ ನಿಮ್ಮ ಎತ್ತರ. ತುಳಿಯುವಾಗ ಸೊಂಟ ಆ ಕಡೆ ಈ ಕಡೆ ಓಲಾಡಿದರೆ ಸೀಟು ಜಾಸ್ತಿ ಮೇಲೇರಿದೆ, ಒಂದು ತೂತು ಇಳಿಸಿ. ನಿಮ್ಮ ಎತ್ತರದ ಗುರುತಿಗೆ ಕಂಬಿಯ ಮೇಲೆ ಸ್ವಲ್ಪ ಟೇಪ್ ಅಂಟಿಸಿ, ಯಾಕೆಂದರೆ ಮನೆಯಲ್ಲಿ ಬೇರೆಯವರು ಬದಲಾಯಿಸಿರುತ್ತಾರೆ, ವಾಪಸ್ ಹೊಂದಿಸುವ ಬೇಸರಕ್ಕೇ ನೀವು ಹತ್ತುವುದು ತಪ್ಪುತ್ತದೆ.

ಬಿಗಿಯನ್ನೂ ಕಡಿಮೆ ಮಾಡಿ. ಭಾರ ಹಾಕಿಕೊಂಡು ನಿಧಾನಕ್ಕೆ ತುಳಿದರೆ ಮಂಡಿಗೆ ಕಷ್ಟ. ಹಗುರ ಮಾಡಿಕೊಂಡು ನಿಮಿಷಕ್ಕೆ 60ರಿಂದ 80 ಸುತ್ತು ಬರುವ ಹಾಗೆ ತುಳಿಯಿರಿ. ಸೀಟಿನ ನೋವು ಹೊಸಬರಿಗೆಲ್ಲ ಇರುತ್ತದೆ, ಕೂರುವ ಮೂಳೆಗಳ ಮೇಲಿನ ಜಾಗ ಒಗ್ಗಿಕೊಳ್ಳಲು ಎರಡು ಮೂರು ವಾರ ಬೇಕು. ಅಷ್ಟು ದಿನ ಐದು ಐದು ನಿಮಿಷ ಮಾಡಿ. ನಡುನಡುವೆ ಪೆಡಲ್ ಮೇಲೆ ಕ್ಷಣ ಎದ್ದು ನಿಲ್ಲಿ. ಆಗಲೂ ಒತ್ತಿದರೆ ಸೀಟೊಂದನ್ನೇ ಅಗಲವಾದದ್ದಕ್ಕೆ ಬದಲಾಯಿಸಬಹುದು, ಸೈಕಲ್ ರಿಪೇರಿ ಅಂಗಡಿಯಲ್ಲೇ ಕೇಳಿ ನೋಡಿ.

ಇನ್ನು ಆ ಹಿಂದಿನ ರೂಮು. ಅಲ್ಲಿಂದ ಸೈಕಲ್ಲನ್ನು ಇವತ್ತೇ ಹೊರಗೆ ತನ್ನಿ. ಗೋಡೆ ನೋಡಿಕೊಂಡು ಒಬ್ಬರೇ ತುಳಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಟಿವಿ ಕಾಣುವಲ್ಲಿ ಇಡಿ. ನಿಮಗೆ ತುಂಬಾ ಇಷ್ಟವಾದ ಒಂದು ಧಾರಾವಾಹಿ ಇದ್ದರೆ ಅದನ್ನು ಸೈಕಲ್ ಮೇಲೆ ಮಾತ್ರ ನೋಡುವುದು ಅಂತ ಇಟ್ಟುಕೊಳ್ಳಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇದನ್ನು ಜಿಮ್‌ನಲ್ಲಿ ಮಾಡಿ ನೋಡಿದರು, 2014ರಲ್ಲಿ ಪ್ರಕಟವಾಯಿತು. ಕುತೂಹಲ ಹುಟ್ಟಿಸುವ ಕಾದಂಬರಿಯ ಆಡಿಯೊವನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಸಿಗುವ ಹಾಗೆ ಮಾಡಿದಾಗ ಜನ ಮೊದಮೊದಲು ಜಾಸ್ತಿ ಬಂದರು. ಆದರೆ ನಡುವೆ ಹಬ್ಬದ ರಜೆ ಬಂದ ಮೇಲೆ ಆ ಹುರುಪು ಇಳಿಯಿತು. ಅದರಿಂದ ನೀವೂ ತಿಳಿದುಕೊಳ್ಳಿ: ದಸರಾಕ್ಕೆ ನೆಂಟರು ಬಂದು ಹತ್ತು ದಿನ ತಪ್ಪಿದರೆ, ಅವರು ಹೊರಟ ಮಾರನೇ ದಿನವೇ ಐದು ನಿಮಿಷವಾದರೂ ಹತ್ತಿ.

ಇಷ್ಟೆಲ್ಲ ಮಾಡಿ ಆರು ವಾರ ನೋಡಿ. ಆಗಲೂ ಇಷ್ಟವಾಗದಿದ್ದರೆ ಧಾರಾಳವಾಗಿ ಮಾರಿ. ಅದು ನಿಮ್ಮ ಸೋಮಾರಿತನ ಅಲ್ಲ, ಆ ಚಲನೆ ನಿಮಗೆ ಹಿಡಿಸಲಿಲ್ಲ ಅಷ್ಟೆ.

ಪ್ರಶ್ನೆ: ಟ್ರೆಡ್‌ಮಿಲ್ ತಂದರೆ ಗೃಹಜ್ಯೋತಿ ತಪ್ಪಿ ಹೋಗುತ್ತಾ? ಇನ್ವರ್ಟರ್ ಮೇಲೆ ಓಡುತ್ತಾ? (ತುಮಕೂರು)

ನಡೆಯುವ ವೇಗದಲ್ಲಿ ಮನೆ ಟ್ರೆಡ್‌ಮಿಲ್ ಹೆಚ್ಚುಕಡಿಮೆ 400ರಿಂದ 600 ವಾಟ್ ಎಳೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಅಂದರೆ ತಿಂಗಳಿಗೆ ಆರರಿಂದ ಒಂಬತ್ತು ಯೂನಿಟ್. ಇಬ್ಬರು ನಡೆದರೆ ಎರಡರಷ್ಟು. 2023ರಲ್ಲಿ ಯೋಜನೆ ಶುರುವಾದಾಗ ಹಿಂದಿನ ವರ್ಷದ ನಿಮ್ಮ ಸರಾಸರಿಗೆ ಶೇ. 10 ಸೇರಿಸಿ ಉಚಿತ ಯೂನಿಟ್ ಗೊತ್ತು ಮಾಡಿದರು. ಅದನ್ನು ಮೀರಿದರೆ ಮೀರಿದ ಯೂನಿಟ್‌ಗಳಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ನಿಮ್ಮ ಬಿಲ್ಲಿನಲ್ಲಿ ಅರ್ಹ ಯೂನಿಟ್ ಎಷ್ಟು, ಈಗ ಎಷ್ಟು ಖರ್ಚಾಗುತ್ತಿದೆ ನೋಡಿಕೊಳ್ಳಿ. ಈಗಾಗಲೇ 190ರ ಹತ್ತಿರ ಇದ್ದವರು ಯೋಚಿಸಬೇಕು, ಉಳಿದವರಿಗೆ ಇದು ದೊಡ್ಡ ಲೆಕ್ಕವಲ್ಲ. ಮನೆಯ ಮಾಮೂಲಿ ಇನ್ವರ್ಟರ್ ಮೇಲೆ ಓಡಿಸಬೇಡಿ, ಮೋಟರ್ ಶುರುವಾಗುವಾಗ ಎಳೆಯುವ ಕರೆಂಟಿಗೆ ಅದು ಟ್ರಿಪ್ ಆಗುತ್ತದೆ. ಅರ್ತಿಂಗ್ ಸರಿಯಿರುವ ಪಾಯಿಂಟಿಗೇ ನೇರವಾಗಿ ಹಾಕಿ, ಎಕ್ಸ್‌ಟೆನ್ಷನ್ ವೈರ್ ಬೇಡ. ಕರೆಂಟು ದಿನಾ ಕೈಕೊಡುವ ಕಡೆ ಸೈಕಲ್ಲೇ ಒಳ್ಳೆಯದು.

ಪ್ರಶ್ನೆ: ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ) ಮಾಡಿಸಿದೆ, ನಾರ್ಮಲ್ ಬಂತು. ಮನೆಗೆ ಟ್ರೆಡ್‌ಮಿಲ್ ತಂದು ಅದೇ ಥರ ತಿಂಗಳಿಗೊಮ್ಮೆ ನಾನೇ ಪರೀಕ್ಷೆ ಮಾಡಿಕೊಳ್ಳಬಹುದಾ? ವಯಸ್ಸು 52. (ದಾವಣಗೆರೆ)

ಮಾಡಬೇಡಿ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಅನುಸರಿಸುವುದು ಅಮೆರಿಕದ ಸಿಯಾಟಲ್‌ನಲ್ಲಿದ್ದ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ ರೂಪಿಸಿದ ಕ್ರಮ. ಗಂಟೆಗೆ 2.7 ಕಿಲೋಮೀಟರ್ ವೇಗ, ಶೇ. 10ರ ಏರಿನಿಂದ ಶುರು, ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಎರಡೂ ಹೆಚ್ಚುತ್ತವೆ. ನಿಮ್ಮನ್ನು ದಣಿಸುವುದೇ ಅದರ ಉದ್ದೇಶ, ಪಕ್ಕದಲ್ಲಿ ಇಸಿಜಿ ಓಡುತ್ತಿರುತ್ತದೆ, ನೋಡಿ ನಿಲ್ಲಿಸುವವರು ಇರುತ್ತಾರೆ. ಮನೆ ಯಂತ್ರದ ಹಿಡಿಯಲ್ಲಿ ತೋರಿಸುವ ನಾಡಿ ಇಸಿಜಿ ಅಲ್ಲ. ಟಿಎಂಟಿ ನಾರ್ಮಲ್ ಬಂದದ್ದು ನೆಮ್ಮದಿಯ ವಿಷಯ, ಆ ಧೈರ್ಯದಲ್ಲಿ ದಿನಾ ಮಾತಾಡುತ್ತಾ ನಡೆಯುವ ವೇಗದಲ್ಲಿ ನಡೆಯಿರಿ. ನಡೆಯುವಾಗ ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ ರಿಪೋರ್ಟ್ ಏನೇ ಇರಲಿ, ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಇಲ್ಲಿ ಏನು ತಂದರೂ ತುಕ್ಕು. ಸಮುದ್ರ ಹತ್ತಿರ. ಯಾವ ಯಂತ್ರ ಬಾಳುತ್ತದೆ? (ಮಂಗಳೂರು)

ಯಂತ್ರಕ್ಕಿಂತ ಇಡುವ ಜಾಗ ಮುಖ್ಯ. ಬಾಲ್ಕನಿ, ಸಿಟ್‌ಔಟ್ ಬೇಡವೇ ಬೇಡ, ಉಪ್ಪುಗಾಳಿ ನೇರ ಬಡಿಯುತ್ತದೆ. ಒಳಗಿಟ್ಟರೂ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೇ ಕಾಟನ್ ಬೆಡ್‌ಶೀಟ್ ಸಾಕು. ನಿಮ್ಮ ಬೆವರಿನಲ್ಲೂ ಉಪ್ಪಿದೆ, ಇಳಿದ ಕೂಡಲೇ ಹ್ಯಾಂಡಲ್, ಬೋಲ್ಟ್, ಸೀಟಿನ ಕಂಬಿ ಒರೆಸಿ. ಚೈನಿಗಿಂತ ಬೆಲ್ಟಿನ ಸೈಕಲ್ ನಿಮಗೆ ಒಳ್ಳೆಯದು. ಟ್ರೆಡ್‌ಮಿಲ್ ಇದ್ದರೆ ಬೆಲ್ಟಿನ ಕೆಳಗೆ ಸಿಲಿಕೋನ್ ಎಣ್ಣೆ ಮಾತ್ರ ಹಾಕಿ, ಮನೆಯಲ್ಲಿದೆ ಅಂತ ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ಬೆಲ್ಟ್ ಹಾಳಾಗುತ್ತದೆ. ಕೊಳ್ಳುವಾಗ ವಾರಂಟಿಯಲ್ಲಿ ತುಕ್ಕು ಸೇರಿದೆಯಾ ಅಂತ ಓದಿ. ಹಲವು ಕಡೆ ಸೇರಿರುವುದಿಲ್ಲ.

ಪ್ರಶ್ನೆ: ಇಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೊರಗೆ ಕಾಲಿಡಲು ಆಗುವುದಿಲ್ಲ. ಬೇಸ್‌ಮೆಂಟ್ ಖಾಲಿ ಇದೆ. ರೋಯಿಂಗ್ ಮಷೀನ್ ಎಲ್ಲರೂ ಹೊಗಳುತ್ತಾರೆ, ತಗೊಳ್ಳಲಾ? (ನ್ಯೂಜೆರ್ಸಿ)

ಕೂತು ದೋಣಿಯ ಹುಟ್ಟು ಹಾಕಿದ ಹಾಗೆ ಎಳೆಯುವ ರೋಯಿಂಗ್ ಒಳ್ಳೆಯ ವ್ಯಾಯಾಮ. ಕಾಲು, ಬೆನ್ನು, ತೋಳು ಎಲ್ಲವೂ ದುಡಿಯುತ್ತವೆ. ನಿಮ್ಮ ಕಡೆ ವರ್ಮಾಂಟ್‌ನ ಕಾನ್ಸೆಪ್ಟ್2 ಕಂಪನಿಯ ಗಾಳಿ ಚಕ್ರದ ಯಂತ್ರ 1981ರಿಂದ ಇದೆ, ಸೆಕೆಂಡ್‌ಹ್ಯಾಂಡ್‌ನಲ್ಲೂ ಒಳ್ಳೆ ಬೆಲೆಗೆ ಹೋಗುತ್ತದೆ. ಅಂದರೆ ಹಿಡಿಸದಿದ್ದರೂ ದುಡ್ಡು ಬಹಳ ಕಳೆದುಕೊಳ್ಳುವುದಿಲ್ಲ. ಆದರೆ ಎರಡು ಮಾತು. ಅದನ್ನು ಕಲಿಯಬೇಕು. ಮೊದಲು ಕಾಲಿನಿಂದ ತಳ್ಳಿ, ಆಮೇಲೆ ಬೆನ್ನು ಹಿಂದಕ್ಕೆ, ಕೊನೆಗೆ ಕೈ ಎಳೆಯಬೇಕು. ಬೆನ್ನು ಗೂನು ಮಾಡಿ ಎಳೆದರೆ ಸೊಂಟ ಹಿಡಿಯುತ್ತದೆ. ಮತ್ತೆ, ಎರಡೂ ಕೈ ಹಿಡಿಯಲ್ಲಿರುವುದರಿಂದ ಊರಿಗೆ ಫೋನ್ ಮಾಡುತ್ತಾ, ಓದುತ್ತಾ ಮಾಡಲು ಆಗುವುದಿಲ್ಲ. ನೀವು ವ್ಯಾಯಾಮವನ್ನು ವ್ಯಾಯಾಮವಾಗಿಯೇ ಇಷ್ಟಪಡುವವರಾದರೆ ತಗೊಳ್ಳಿ. ಊರಿನವರ ಜೊತೆ ಮಾತಾಡಿಕೊಂಡು ಕಾಲಾಡಿಸಬೇಕು ಅನ್ನುವವರಾದರೆ ಟ್ರೆಡ್‌ಮಿಲ್ ಅಥವಾ ಸೈಕಲ್ ನಿಮಗೆ ಹೊಂದುತ್ತದೆ. ಬೇಸ್‌ಮೆಂಟ್ ತಣ್ಣಗೆ, ಕತ್ತಲೆಯಾಗಿದ್ದರೆ ಅಲ್ಲಿಗೆ ಇಳಿಯುವುದೇ ನಿಂತುಹೋಗುತ್ತದೆ, ಒಳ್ಳೆಯ ದೀಪ ಮತ್ತು ಪುಟ್ಟ ಹೀಟರ್‌ಗೆ ಮೊದಲು ಖರ್ಚು ಮಾಡಿ. ಟ್ರೆಡ್‌ಮಿಲ್ ಆದರೆ ಸೀಲಿಂಗ್ ಅಳೆಯುವುದನ್ನು ಮರೆಯಬೇಡಿ, ಅದರ ಮೇಲೆ ನಿಂತಾಗ ನೀವು 15, 20 ಸೆಂಟಿಮೀಟರ್ ಎತ್ತರವಾಗುತ್ತೀರಿ.

ಪ್ರಶ್ನೆ: ಮನೆಯಲ್ಲಿ ಮೂರು ವರ್ಷದ ಮಗು ಇದೆ. ಟ್ರೆಡ್‌ಮಿಲ್ ತರಬಹುದಾ? (ಬಳ್ಳಾರಿ)

ಮಗು ಇನ್ನೂ ನಾಲ್ಕೈದು ವರ್ಷ ದೊಡ್ಡದಾಗುವ ತನಕ ಬೇಡ ಅನ್ನುವುದು ನನ್ನ ಸಲಹೆ. ಓಡುವ ಬೆಲ್ಟಿಗೆ ಕೈ ಇಟ್ಟರೆ ಚರ್ಮ ಸುಟ್ಟು ಹೋಗುತ್ತದೆ, ಹಿಂಭಾಗದಲ್ಲಿ ಬೆರಳು, ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದಲ್ಲಿ 2021ರ ಮೇ ತಿಂಗಳಲ್ಲಿ ಪೆಲೋಟನ್ ಕಂಪನಿ ತನ್ನ ಟ್ರೆಡ್+ ಯಂತ್ರಗಳನ್ನು ವಾಪಸ್ ಕರೆಸಿಕೊಂಡಿತು, ಒಂದು ಮಗು ತೀರಿಹೋಗಿತ್ತು. ಈಗಾಗಲೇ ತಂದಿದ್ದರೆ ಆ ಕೆಂಪು ಸೇಫ್ಟಿ ಕೀ ಇರುತ್ತದಲ್ಲ, ಇಳಿದ ಕೂಡಲೇ ಅದನ್ನು ತೆಗೆದು ಬೀರುವಿನಲ್ಲಿಡಿ, ಪ್ಲಗ್ಗನ್ನೂ ಕಿತ್ತುಬಿಡಿ. ನಡೆಯುವಾಗ ಮಗು ಬೇರೆ ರೂಮಿನಲ್ಲಿ, ಇನ್ನೊಬ್ಬರ ಕಣ್ಣೆದುರು ಇರಬೇಕು. ಸೈಕಲ್ಲಿಗೂ ಅಷ್ಟೆ, ಚಕ್ರ ಪೂರ್ತಿ ಮುಚ್ಚಿರುವುದನ್ನೇ ನೋಡಿ ತನ್ನಿ.

ಪ್ರಶ್ನೆ: ಪಿಜಿಯಲ್ಲಿದ್ದೇನೆ, ಬಿಎಡ್ ಓದುತ್ತಿದ್ದೇನೆ. 500 ರೂಪಾಯಿಗಿಂತ ಜಾಸ್ತಿ ಇಲ್ಲ. ಏನಾದರೂ ಆಗುತ್ತಾ? (ಗದಗ)

ಚೆನ್ನಾಗಿ ಆಗುತ್ತದೆ. ಪಿಜಿಯ ಮೆಟ್ಟಿಲು ನಿಮ್ಮದೇ. ಕೆಳಗಿನ ಎರಡು ಮೆಟ್ಟಿಲನ್ನು ಹತ್ತಿ ಇಳಿದು ಮಾಡಿದರೆ ಐದು ನಿಮಿಷಕ್ಕೆ ಉಸಿರು ಏರುತ್ತದೆ, ಓದಿನ ನಡುವೆ ದಿನಕ್ಕೆ ಮೂರು ಸಲ ಸಾಕು. ಇಳಿಯುವಾಗ ಕಂಬಿಯ ಮೇಲೆ ಕೈ ಇರಲಿ. ಇನ್ನೂರು ರೂಪಾಯಿಗೆ ಸ್ಕಿಪ್ಪಿಂಗ್ ಹಗ್ಗ ತಗೊಳ್ಳಿ. ಹಗ್ಗದ ನಡುಭಾಗವನ್ನು ಕಾಲಲ್ಲಿ ಮೆಟ್ಟಿ ಎರಡೂ ಹಿಡಿ ಮೇಲಕ್ಕೆ ಎಳೆದರೆ ಕಂಕುಳಿನವರೆಗೆ ಬರಬೇಕು, ಅದಕ್ಕಿಂತ ಉದ್ದ ಇದ್ದರೆ ಗಂಟು ಹಾಕಿ ಚಿಕ್ಕದು ಮಾಡಿ. ಟೆರೇಸಿನ ಕಾಂಕ್ರೀಟ್ ಮೇಲೆ ಬರಿಗಾಲಲ್ಲಿ ಬೇಡ, ಶೂ ಹಾಕಿಕೊಂಡು ಮಾಡಿ, ಅಥವಾ ಮಣ್ಣಿನ ನೆಲ ಹುಡುಕಿ. ನೆಲದಿಂದ ಒಂದು ಅಂಗುಲ ಎದ್ದರೆ ಸಾಕು, ಎತ್ತರಕ್ಕೆ ಹಾರುವ ಅಗತ್ಯವಿಲ್ಲ. ಮೊದಲ ವಾರ ಅರ್ಧ ನಿಮಿಷ ಹಾರಿ, ಅರ್ಧ ನಿಮಿಷ ಸುಮ್ನೆ ನಿಂತು, ಹೀಗೆ ಐದಾರು ಸಲ. ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರುವಾದರೆ ಹಗ್ಗ ಒಂದು ವಾರ ಮೂಲೆಗಿಟ್ಟು ಮೆಟ್ಟಿಲಿಗೇ ವಾಪಸ್ ಬನ್ನಿ.